ಪರದೇಶದ ದುಡಿಮೆಯೂ ಪೋಷ್ಯವರ್ಗವೂ

ಹೊಟ್ಟೆಯ ಪಾಡಿಗಾಗಿಯೋ ವಿದ್ಯೆಯ ಬಲದಿಂದಲೋ ಮನುಷ್ಯನು ಸ್ವದೇಶವನ್ನು ಬಿಟ್ಟು ಪರದೇಶಕ್ಕೆ ಹೋಗುವುದು ಹೊಸ ಸಂಗತಿಯಲ್ಲ. ಹೋದವನ ಹಿಂದೆ ಅವನ ಮನೆಮಂದಿ ಹೋಗಬಹುದೇ, ಹೋಗುವುದಾದರೆ ಯಾರು ಯಾರು ಹೋಗಬಹುದು, ಹೋದವರಿಗೆ ಆ ನೆಲದಲ್ಲಿ ಏನು ಹಕ್ಕು ಎಂಬ ಪ್ರಶ್ನೆಗಳೂ ಹೊಸವಲ್ಲ. ಆದರೆ ಇಂದು ಈ ಪ್ರಶ್ನೆಗಳು ಕಲಬುರಗಿಯ ಬಡಾವಣೆಗಳಲ್ಲಿಯೂ ಕಮಲಾಪುರದ ತೋಟದ ಮನೆಗಳಲ್ಲಿಯೂ ನಿತ್ಯದ ಮಾತಾಗಿವೆ. "ಮಗಗ ವೀಸಾ ಆಗ್ಯಾದ, ಸೊಸಿದು ಡಿಪೆಂಡೆಂಟ್ ಇನ್ನಾ ಬಂದಿಲ್ಲ" ಎಂಬ ಮಾತನ್ನು ಮದುವೆಯ ಪಂಕ್ತಿಯಲ್ಲಿ ಕೇಳಿದರೆ ಯಾರೂ ಅದರ ಅರ್ಥವನ್ನು ವಿಚಾರಿಸುವುದಿಲ್ಲ, ಎಲ್ಲರೂ ಬಲ್ಲರು.

ಡಿಪೆಂಡೆಂಟ್ ಎಂದರೆ ಆಶ್ರಿತ, ಅವಲಂಬಿ. ನಮ್ಮ ಸ್ಮೃತಿಕಾರರು ಇದಕ್ಕೆ ಸಮೀಪವಾದ ಒಂದು ಶಬ್ದವನ್ನು ಬಳಸಿದ್ದಾರೆ: ಪೋಷ್ಯವರ್ಗ. ಗೃಹಸ್ಥನು ಸಲಹಬೇಕಾದವರ ಸಮೂಹವೆಂದು ಅದರ ಅರ್ಥ. ದಕ್ಷಸ್ಮೃತಿಯು ಈ ವರ್ಗದಲ್ಲಿ ತಾಯಿ, ತಂದೆ, ಗುರು, ಹೆಂಡತಿ, ಮಕ್ಕಳು, ದೀನರು, ಆಶ್ರಯಕ್ಕೆ ಬಂದವರು, ಅತಿಥಿ ಅಭ್ಯಾಗತರು ಇವರನ್ನೆಲ್ಲ ಎಣಿಸಿ, ಅಗ್ನಿಯನ್ನೂ ಸೇರಿಸುತ್ತದೆ. ಮೊದಲು ಹೇಳಿರುವುದು ತಾಯಿತಂದೆಗಳನ್ನು ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಇಂದಿನ ಸರಕಾರಗಳು ಪರದೇಶೀಯ ಕೆಲಸಗಾರನ ಕುಟುಂಬವೆಂದು ಒಪ್ಪುವ ಪಟ್ಟಿಯಾದರೋ ಬಹಳ ಚಿಕ್ಕದು. ಆ ಪಟ್ಟಿಯು ಹೇಗೆ ರಚಿತವಾಯಿತು, ಅದರಲ್ಲಿ ಸೇರಿದವರ ಸ್ಥಿತಿ ಏನು, ಸೇರದವರ ಗತಿ ಏನು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಲೇಸು. ಮೊದಲನೆಯದು ಎಣಿಕೆಯ ಪ್ರಶ್ನೆ: ಕುಟುಂಬವೆಂದರೆ ಯಾರು? ಎರಡನೆಯದು ನೆಲೆಯ ಪ್ರಶ್ನೆ: ಎಣಿಕೆಗೆ ಬಂದವರಿಗೆ ಸ್ವಂತ ಕಾಲೂರಲು ನೆಲವುಂಟೋ, ಇಲ್ಲವೋ?

ಬಹಮನೀ ಕಾಲದ ಪರದೇಶಿಗಳು

ಇಂದು ನಮ್ಮ ಊರು ಮಕ್ಕಳನ್ನು ಹೊರಗೆ ಕಳುಹಿಸುವ ಊರು. ಆರುನೂರು ವರ್ಷಗಳ ಹಿಂದೆ ಇದು ಪರದೇಶೀಯರನ್ನು ಕರೆಸಿಕೊಳ್ಳುವ ಊರಾಗಿದ್ದಿತು. 1347ರಲ್ಲಿ ಅಲಾಉದ್ದೀನ ಹಸನ್ ಬಹಮನ್ ಶಹನು ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಮೇಲೆ ಶಿಲ್ಪಿಗಳು, ಸೈನಿಕರು, ಲಿಪಿಕಾರರು, ವೈದ್ಯರು, ಕುದುರೆಯ ವರ್ತಕರು ಇಲ್ಲಿಗೆ ಬರತೊಡಗಿದರು. ಕೋಟೆಯೊಳಗಿನ ದೊಡ್ಡ ಮಸೀದಿಯನ್ನು ನೋಡದವರು ನಮ್ಮಲ್ಲಿ ವಿರಳ. 1367ರಲ್ಲಿ ಅದನ್ನು ನಿರ್ಮಿಸಿದವನು ಇರಾಣದ ಕಜ್ವೀನ್ ಪಟ್ಟಣದ ಮೂಲದ ರಫೀ ಎಂಬವನೆಂದು ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ಫಿರೋಜ್ ಶಹನು (1397–1422) ವಿದ್ವಾಂಸರನ್ನೂ ಕುಶಲರನ್ನೂ ಕರೆತರುವುದಕ್ಕಾಗಿ ಗೋವೆಯಿಂದಲೂ ಚೌಲದಿಂದಲೂ ಹಡಗುಗಳನ್ನು ಕಳುಹಿಸುತ್ತಿದ್ದನೆಂದು ಚರಿತ್ರಕಾರ ಫಿರಿಸ್ತನು ಬರೆದಿದ್ದಾನೆ.

ಹೀಗೆ ಬಂದವರಲ್ಲಿ ಎರಡು ಪಂಗಡಗಳನ್ನು ನಾವು ಗುರುತಿಸಬಹುದು. 1327ರ ಸುಮಾರಿಗೆ ಮಹಮ್ಮದ್ ತುಘಲಕನು ದೆಹಲಿಯ ಕುಟುಂಬಗಳನ್ನು ದೌಲತಾಬಾದಿಗೆ ಸಾಗಿಸಿದ್ದನು. ಬಲಾತ್ಕಾರವೇ ಆದರೂ ಅವರು ಸಂಸಾರಸಮೇತರಾಗಿ ಬಂದವರು. ಅವರ ಮಕ್ಕಳು ಮೊಮ್ಮಕ್ಕಳು ಈ ನೆಲದಲ್ಲಿಯೇ ಹುಟ್ಟಿ ಬೆಳೆದು, ದಖ್ಖನಿಗಳೆಂದು ತಮ್ಮನ್ನು ಕರೆದುಕೊಂಡರು. ಅವರ ಮಾತು ದಖ್ಖನಿ ಭಾಷೆಯಾಯಿತು. ನೆಲದ ಹೆಸರೇ ಅವರ ಹೆಸರಾಯಿತು. ಸಮುದ್ರಮಾರ್ಗವಾಗಿ ಆಮೇಲೆ ಬಂದವರು ಆಫಾಕಿಗಳು. ಇವರಿಗೆ ಗರೀಬರೆಂಬ ಮತ್ತೊಂದು ಹೆಸರೂ ಇದ್ದಿತು. ಅರಬ್ಬಿಯಲ್ಲಿ ಗರೀಬನೆಂದರೆ ಪರಕೀಯ, ತನ್ನ ಊರಿನಿಂದ ದೂರವಿರುವವನು ಎಂದರ್ಥ. ಅದೇ ಶಬ್ದವು ನಮ್ಮ ಕಲಬುರಗಿಯ ಕನ್ನಡದಲ್ಲಿ ಬಡವನೆಂಬ ಅರ್ಥವನ್ನು ತಳೆದಿದೆ. ತನ್ನವರಿಲ್ಲದ ಊರಿನಲ್ಲಿ ಎಷ್ಟು ಸಂಬಳ ಬಂದರೂ ಮನುಷ್ಯನು ಬಡವನೇ ಎಂಬ ಅನುಭವವನ್ನು ಈ ಶಬ್ದವು ತನ್ನೊಳಗೆ ಹೊತ್ತಿರುವಂತೆ ತೋರುತ್ತದೆ.

ಈ ಎರಡು ಪಂಗಡಗಳ ವೈರವು ಬಹಮನೀ ರಾಜ್ಯವನ್ನು ಒಳಗಿನಿಂದ ತಿಂದುಹಾಕಿತು. ರಾಜಧಾನಿಯು ಬೀದರಕ್ಕೆ ಹೋದ ಮೇಲೆ, 1481ರಲ್ಲಿ, ಗೀಲಾನದಿಂದ ಬಂದು ಮಂತ್ರಿಪದವಿಗೇರಿದ್ದ ಮಹಮೂದ್ ಗಾವಾನನು ಇದೇ ವೈರಕ್ಕೆ ಬಲಿಯಾದನು. ಈ ಕಲಹಕ್ಕೆ ಅಧಿಕಾರಲೋಭವೇ ಮೊದಲಾದ ಕಾರಣಗಳು ಅನೇಕವುಂಟು. ಆದರೆ ಮನೆ ಕಟ್ಟಿಕೊಂಡು ನೆಲೆಸಿದವನಿಗೂ ಒಂಟಿಯಾಗಿ ಸೇವೆಗೆ ಬಂದವನಿಗೂ ರಾಜ್ಯದ ಮೇಲಿನ ಮಮತೆಯಲ್ಲಿ ಭೇದವಿರುವುದೆಂಬ ಸಂಶಯವು ಆಗಲೇ ಹುಟ್ಟಿದ್ದಿತೆಂಬುದನ್ನು ಮಾತ್ರ ಇಲ್ಲಿ ಗಮನಿಸತಕ್ಕದ್ದು. ಖ್ವಾಜಾ ಬಂದೇನವಾಜರು ತೈಮೂರನ ದಾಳಿಯ ಕಾಲದಲ್ಲಿ ದೆಹಲಿಯನ್ನು ಬಿಟ್ಟು, ವೃದ್ಧಾಪ್ಯದಲ್ಲಿ ಕುಟುಂಬಸಮೇತರಾಗಿ ಕಲಬುರಗಿಗೆ ಬಂದು 1422ರಲ್ಲಿ ಇಲ್ಲಿಯೇ ದೇಹವಿಟ್ಟರು. ಅವರ ವಂಶವು ಇಂದಿಗೂ ಈ ಊರಿನದಾಗಿದೆ. ಅವರನ್ನು ಪರದೇಶಿಗಳೆಂದು ಯಾರು ಕರೆಯುವರು?

ನಿಜಾಮರ ಕಾಲದ ಮುಲ್ಕಿ ನಿಯಮ

ಕಲಬುರಗಿಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಇದೇ ಪ್ರಶ್ನೆಯು ಕಾಯದೆಯ ರೂಪವನ್ನು ತಳೆಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಂಸ್ಥಾನದ ಆಡಳಿತವನ್ನು ಸುಧಾರಿಸುವುದಕ್ಕಾಗಿ ಉತ್ತರಹಿಂದೂಸ್ಥಾನದಿಂದ ಅನೇಕ ವಿದ್ಯಾವಂತರನ್ನು ಕರೆಸಲಾಯಿತು. ಇವರು ಗೈರ್‌ಮುಲ್ಕಿಗಳು; ಸಂಸ್ಥಾನದ ಪ್ರಜೆಗಳು ಮುಲ್ಕಿಗಳು. ನೌಕರಿಗಾಗಿ ಇವರೊಳಗೆ ಸ್ಪರ್ಧೆ ಬೆಳೆಯಿತು. 1919ರ ಫರ್ಮಾನಿನಂತೆ ಜಾರಿಗೆ ಬಂದ ಮುಲ್ಕಿ ನಿಯಮಗಳು ಯಾರು ಈ ನೆಲದವರೆಂಬುದನ್ನು ನಿರ್ಣಯಿಸಿದವು. ಹುಟ್ಟಿನಿಂದ ಪ್ರಜೆಯಾದವನು ಮುಲ್ಕಿ. ಹದಿನೈದು ವರ್ಷ ಖಾಯಂ ವಾಸವಾಗಿದ್ದು ಹಿಂದಿನ ಊರಿಗೆ ಮರಳುವ ಆಲೋಚನೆಯನ್ನು ಬಿಟ್ಟೆನೆಂದು ಪ್ರಮಾಣಪತ್ರ ಮಾಡಿಕೊಟ್ಟವನೂ ಮುಲ್ಕಿ.

ಹೆಂಗಸರ ವಿಷಯದಲ್ಲಿ ಆ ನಿಯಮವು ಹೇಳಿದ್ದನ್ನು ಇಂದಿನ ಓದುಗರು ಸಾವಧಾನವಾಗಿ ಕೇಳಬೇಕು. ಹೊರಗಿನ ಹೆಣ್ಣು ಮುಲ್ಕಿಯನ್ನು ಮದುವೆಯಾದರೆ ಅವಳೂ ಮುಲ್ಕಿಯಾಗುವಳು. ಇಲ್ಲಿಯ ಹೆಣ್ಣು ಹೊರಗಿನವನನ್ನು ಮದುವೆಯಾದರೆ ತನ್ನ ಮುಲ್ಕಿತನವನ್ನು ಕಳೆದುಕೊಳ್ಳುವಳು. ಗಂಡನು ಸತ್ತು, ಅಥವಾ ವಿವಾಹವಿಚ್ಛೇದವಾಗಿ, ಅವಳು ಸಂಸ್ಥಾನಕ್ಕೆ ಹಿಂದಿರುಗಿ ಖಾಯಮಾಗಿ ನೆಲೆಸಿದರೆ ಅದು ಅವಳಿಗೆ ಮರಳಿ ದೊರೆಯುವುದು. ಅರ್ಥಾತ್ ಕಲಬುರಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬೆಳೆದ ಮಗಳ ಊರು ಯಾವುದೆಂಬುದನ್ನು ಅವಳ ಹುಟ್ಟು ನಿರ್ಣಯಿಸುತ್ತಿರಲಿಲ್ಲ, ಗಂಡನ ಕಾಗದವು ನಿರ್ಣಯಿಸುತ್ತಿದ್ದಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ನಮ್ಮ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಮುಲ್ಕಿಯೆಂಬ ಶಬ್ದವು ಹಿರಿಯರ ನೆನಪಿನಲ್ಲಿ ಮಾತ್ರ ಉಳಿಯಿತು. ಆದರೆ ಆ ನಿಯಮದ ತತ್ತ್ವವು ಸತ್ತಿಲ್ಲ. ಮುಲ್ಕಿ ಕಾಗದಕ್ಕಾಗಿ ನಮ್ಮ ಹಿರಿಯರು ಯಾವ ಹೈದರಾಬಾದಿನ ಕಡೆಗೆ ನೋಡುತ್ತಿದ್ದರೋ ಅದೇ ಪಟ್ಟಣಕ್ಕೆ, 2008ರಲ್ಲಿ ಅಲ್ಲಿ ಸ್ಥಾಪಿತವಾದ ಅಮೇರಿಕದ ದೂತಾವಾಸಕ್ಕೆ, ನಮ್ಮ ಸೊಸೆಯಂದಿರು ಡಿಪೆಂಡೆಂಟ್ ವೀಸಾಕ್ಕಾಗಿ ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ.

ಸಮುದ್ರದಾಚೆಯ ಹೋರಾಟ

ಇನ್ನು ಸಮುದ್ರದಾಚೆಗೆ ಹೋದ ಭಾರತೀಯರ ಕಥೆಯನ್ನು ನೋಡೋಣ. ಕರಾರಿನ ಕೂಲಿಗಳನ್ನು ಮಾರಿಷಸ್, ಫಿಜಿ, ನಾಟಾಲ ಮೊದಲಾದ ಸಕ್ಕರೆಯ ಸೀಮೆಗಳಿಗೆ ಹಡಗಿನಲ್ಲಿ ಸಾಗಿಸುತ್ತಿದ್ದ ಕಾಲದಲ್ಲಿ ಸರಕಾರವು ಕುಟುಂಬವನ್ನು ಎಣಿಸಲೇ ಇಲ್ಲ, ತಲೆಗಳನ್ನು ಎಣಿಸಿತು. ನೂರು ಗಂಡಸರಿಗೆ ನಲವತ್ತು ಹೆಂಗಸರು ಹಡಗಿನಲ್ಲಿರಬೇಕೆಂಬುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಿಂತ ನಿಯಮ. ಆ ನಲವತ್ತು ಮಂದಿ ಯಾರ ಹೆಂಡಿರು, ಯಾರ ತಾಯಂದಿರು ಎಂಬುದು ಮುಖ್ಯವಾಗಿರಲಿಲ್ಲ. ಈ ಪದ್ಧತಿಯಿಂದಾದ ಅನರ್ಥಗಳನ್ನು ಕಂಡು ದೇಶವೆಲ್ಲ ಕೂಗೆಬ್ಬಿಸಿದ ಮೇಲೆ 1917ರಲ್ಲಿ ಕೂಲಿಗಳ ಭರತಿಯು ನಿಂತಿತು.

ಸ್ವತಂತ್ರವಾಗಿ ಹೋದವರ ಪಾಡು ಬೇರೆ ತೆರನಾದುದು. ಕೆನಡಾ ದೇಶವು 1908ರಲ್ಲಿ, ಸ್ವದೇಶದಿಂದ ನಡುವೆ ಎಲ್ಲಿಯೂ ಹಡಗು ಬದಲಿಸದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶವೆಂಬ ಕಟ್ಟಳೆಯನ್ನು ಮಾಡಿತು. ಭಾರತದಿಂದ ಅಂಥ ನೇರ ಪ್ರಯಾಣಕ್ಕೆ ಅನುಕೂಲವೇ ಇರಲಿಲ್ಲ. ಇದರಿಂದ ಮೊದಲೇ ಅಲ್ಲಿ ನೆಲೆಸಿದ್ದ ಪಂಜಾಬದ ಕೃಷಿಕರೂ ಮರದ ಕಾರಖಾನೆಯ ಕೆಲಸಗಾರರೂ ತಮ್ಮ ಹೆಂಡಿರುಮಕ್ಕಳನ್ನು ಕರೆಸಿಕೊಳ್ಳಲಾರದೆ ಹೋದರು. ಬಾಗಿಲು ಮುಚ್ಚಿದೆಯೆಂದು ಎಲ್ಲಿಯೂ ಬರೆಯದೆಯೇ ಬಾಗಿಲನ್ನು ಮುಚ್ಚಿದ ಉಪಾಯವಿದು.

ದಕ್ಷಿಣ ಆಫ್ರಿಕಾದಲ್ಲಿ ವಿಷಯವು ಇನ್ನೂ ತೀವ್ರವಾಯಿತು. 1913ರ ಮಾರ್ಚ್ 14ರಂದು ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಎಂಬವರು ಒಂದು ತೀರ್ಪು ಕೊಟ್ಟರು. ಹಸನ್ ಈಸಪ್ ಎಂಬವನ ಹೆಂಡತಿ ಬಾಯಿ ಮರಿಯಮಳು ಗಂಡನನ್ನು ಕೂಡಿಕೊಳ್ಳಲು ಬಂದಾಗ ಅವಳಿಗೆ ಪ್ರವೇಶವಿಲ್ಲವೆಂದಿತು ಆ ತೀರ್ಪು. ಬಹುಪತ್ನೀತ್ವಕ್ಕೆ ಆಸ್ಪದವಿರುವ ಧರ್ಮದ ವಿಧಿಯಂತೆ ನಡೆದ ವಿವಾಹವು ಅಲ್ಲಿಯ ಕಾಯದೆಯಂತೆ ವಿವಾಹವೇ ಅಲ್ಲವೆಂಬುದು ಕಾರಣ. ಹಾಗಾದರೆ ಅಗ್ನಿಸಾಕ್ಷಿಯಾಗಿ ಕೈಹಿಡಿದವಳೂ ನಿಕಾಹಿನಿಂದ ಬಂದವಳೂ ಕಾಯದೆಯ ಕಣ್ಣಿಗೆ ಧರ್ಮಪತ್ನಿಯರಲ್ಲ. ಅವರ ಮಕ್ಕಳು ಔರಸರಲ್ಲ! ಗಾಂಧೀಜಿಯವರ ಸತ್ಯಾಗ್ರಹಕ್ಕೆ ಹೆಂಗಸರು ಇಳಿದುದು ಈ ಅವಮಾನದಿಂದಲೇ. ಆ ವರ್ಷದ ಸೆಪ್ಟೆಂಬರದಲ್ಲಿ ಕಸ್ತೂರಬಾ ಅವರು ಟ್ರಾನ್ಸ್‌ವಾಲಿನ ಗಡಿಯನ್ನು ದಾಟಿ ಮೂರು ತಿಂಗಳ ಕಠಿಣ ಸಜೆಯನ್ನು ಅನುಭವಿಸಿದರು. ವಲ್ಲಿಯಮ್ಮ ಎಂಬ ತಮಿಳು ಬಾಲೆಯು ಸೆರೆಮನೆಯಲ್ಲಿ ಅಂಟಿದ ಜ್ವರದಿಂದ 1914ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಅದೇ ವರ್ಷ ಹೊರಟ ಕಾಯದೆಯು ಭಾರತೀಯ ವಿವಾಹವನ್ನು ಒಪ್ಪಿ, ಒಬ್ಬ ಹೆಂಡತಿಗೂ ಅವಳ ಚಿಕ್ಕ ಮಕ್ಕಳಿಗೂ ಪ್ರವೇಶವನ್ನು ಕೊಟ್ಟಿತು.

1918ರಲ್ಲಿ ಲಂಡನ್ನಿನಲ್ಲಿ ಕೂಡಿದ ಸಾಮ್ರಾಜ್ಯದ ಯುದ್ಧಪರಿಷತ್ತು ಈ ತತ್ತ್ವವನ್ನು ಸಾಮ್ರಾಜ್ಯಕ್ಕೆಲ್ಲ ವಿಸ್ತರಿಸಿತು. ಹೊರದೇಶಗಳಲ್ಲಿ ಖಾಯಮಾಗಿ ನೆಲೆಸಿದ ಭಾರತೀಯರು ತಲಾ ಒಬ್ಬ ಹೆಂಡತಿಯನ್ನೂ ಅವಳ ಅಪ್ರಾಪ್ತವಯಸ್ಕ ಮಕ್ಕಳನ್ನೂ ಕರೆಸಿಕೊಳ್ಳಬಹುದು. ಅವರು ನಿಜವಾದ ಹೆಂಡತಿಮಕ್ಕಳೆಂದು ಭಾರತಸರಕಾರವು ಪ್ರಮಾಣಪತ್ರ ಕೊಡಬೇಕು ಎಂಬುದು ಅದರ ನಿರ್ಣಯ. ಕೆನಡಾವು 1919ರಲ್ಲಿ ಇದನ್ನು ಅಂಗೀಕರಿಸಿತು. ಇಂದು ನಮ್ಮ ಮನೆಗಳಲ್ಲಿ ಮದುವೆಯ ನೋಂದಣಿಪತ್ರ, ಜನನಪತ್ರ, ಮದುವೆಯ ಭಾವಚಿತ್ರ ಇವೆಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿಡುತ್ತಾರಷ್ಟೆ. ಆ ಕಡತದ ಪೂರ್ವಜನ್ಮವನ್ನು ಇಲ್ಲಿ ಕಾಣಬಹುದು. ಗೆದ್ದುದು ದೊಡ್ಡದೇ; ಸಂಶಯವಿಲ್ಲ. ಆದರೆ ಆ ಗೆಲವಿನಲ್ಲಿಯೇ ಕುಟುಂಬದ ಅಳತೆಯೂ ನಿಂತುಹೋಯಿತು: ಗಂಡ, ಒಬ್ಬ ಹೆಂಡತಿ, ಚಿಕ್ಕ ಮಕ್ಕಳು. ಮುಪ್ಪಿನ ತಾಯಿತಂದೆಗಳು ಆ ಅಳತೆಗೆ ಹೊರಗಾದರು.

ಇಂದಿನ ಸ್ಥಿತಿ

ಅಮೇರಿಕದ ಸಂಯುಕ್ತ ಸಂಸ್ಥಾನಗಳು 1970ರ ಏಪ್ರಿಲಿನಲ್ಲಿ ಮಾಡಿದ ತಿದ್ದುಪಡಿಯಿಂದ ತಾತ್ಕಾಲಿಕ ಕೆಲಸಗಾರನ ಪತಿ ಅಥವಾ ಪತ್ನಿಗೂ ಮಕ್ಕಳಿಗೂ ಎಚ್-4 ಎಂಬ ಪ್ರತ್ಯೇಕ ವರ್ಗವನ್ನು ಕಲ್ಪಿಸಿದವು. ನಮ್ಮವರು ಡಿಪೆಂಡೆಂಟ್ ವೀಸಾ ಎನ್ನುವಾಗ ಬಹುಮಟ್ಟಿಗೆ ಹೇಳುವುದು ಇದನ್ನೇ. ಆ ವೀಸಾದ ಮೇಲೆ ಹೋದವರು ಅಲ್ಲಿ ವಾಸಿಸಬಹುದು, ಓದಬಹುದು; ದುಡಿಯುವಂತಿರಲಿಲ್ಲ. ವೈದ್ಯೆಯಾಗಲಿ ಇಂಜಿನಿಯರಳಾಗಲಿ, ಗಂಡನ ಆಶ್ರಿತೆಯಾಗಿ ಹೋದವಳು ಮನೆಯಲ್ಲಿಯೇ ಇರತಕ್ಕದ್ದು. ಹೀಗೆ ನಲವತ್ತೈದು ವರ್ಷಗಳು ಕಳೆದ ಮೇಲೆ, 2015ರ ಮೇ 26ರಿಂದ, ಇವರಲ್ಲಿ ಒಂದು ಭಾಗಕ್ಕೆ ಕೆಲಸದ ಅನುಮತಿಯು ದೊರೆಯಿತು. ಅದೂ ಗಂಡನ ಖಾಯಂ ವಾಸದ ಮನವಿಯು ನಿರ್ದಿಷ್ಟ ಹಂತವನ್ನು ಮುಟ್ಟಿದ್ದರೆ ಮಾತ್ರ. ಗಂಡನ ನೌಕರಿ ಹೋದರೆ ಅವಳ ವಾಸದ ಆಧಾರವೂ ಹೋಗುವುದು.

ಮಕ್ಕಳ ಸ್ಥಿತಿಯು ಇದಕ್ಕಿಂತ ಕರುಣಾಜನಕವಾದುದು. ನೌಕರಿಯ ಮೂಲಕ ಖಾಯಂ ವಾಸದ ಹಕ್ಕನ್ನು ವರ್ಷಕ್ಕೆ ಸುಮಾರು 1,40,000 ಮಂದಿಗೆ ಮಾತ್ರ ಕೊಡುವರು. ಹೆಂಡಿರುಮಕ್ಕಳನ್ನೂ ಆ ಸಂಖ್ಯೆಯೊಳಗೇ ಎಣಿಸುವರು. ಯಾವ ಒಂದು ದೇಶದವರಿಗೂ ಸಾಮಾನ್ಯವಾಗಿ ಶೇಕಡಾ 7ಕ್ಕೆ ಮೀರಿ ಸಲ್ಲದು. ಆದುದರಿಂದ ಭಾರತೀಯರ ಸರದಿಯು ಬಹು ದೀರ್ಘವಾಗಿದೆ. ಕೈಗೂಸಾಗಿ ಹೋದ ಮಗುವು ಅಲ್ಲಿಯ ಶಾಲೆಯಲ್ಲಿ ಕಲಿತು, ಅಲ್ಲಿಯ ಮಾತನ್ನೇ ಆಡುತ್ತ ಬೆಳೆದು, ಇಪ್ಪತ್ತೊಂದು ವರ್ಷ ತುಂಬಿದೊಡನೆ ಆಶ್ರಿತವರ್ಗದಿಂದ ಹೊರಬೀಳುವುದು. ಬೇರೊಂದು ವೀಸಾ ದೊರೆಯದಿದ್ದರೆ ತಾನು ಕಾಣದ ಸ್ವದೇಶಕ್ಕೆ ಅದು ಹೊರಡಬೇಕು.

ಬೇರೆ ದೇಶಗಳಲ್ಲಿ ಬಾಗಿಲು ಒಮ್ಮೆ ತೆರೆದು ಒಮ್ಮೆ ಮುಚ್ಚುವುದನ್ನು ಕಾಣುತ್ತೇವೆ. ಸೌದಿ ಅರೇಬಿಯಾವು 2017ರ ಜುಲೈ ತಿಂಗಳಿನಿಂದ ಪ್ರತಿಯೊಬ್ಬ ಆಶ್ರಿತನ ಮೇಲೆ ತಿಂಗಳಿಗೆ 100 ರಿಯಾಲಿನ ತೆರಿಗೆಯನ್ನು ಹೇರಿ, ವರ್ಷವರ್ಷವೂ ಏರಿಸಿ 2020ಕ್ಕೆ 400 ರಿಯಾಲಿಗೆ ಮುಟ್ಟಿಸಿತು. ಹೆಂಡತಿಯೂ ಇಬ್ಬರು ಮಕ್ಕಳೂ ಇದ್ದವನು ತಿಂಗಳಿಗೆ 1,200 ರಿಯಾಲುಗಳನ್ನು ಬರಿಯ ಸಹವಾಸಕ್ಕಾಗಿ ತೆರಬೇಕಾಯಿತು. ಅನೇಕರು ಸಂಸಾರವನ್ನು ಊರಿಗೆ ಕಳುಹಿಸಿ ಮತ್ತೆ ಒಂಟಿಗರಾದರು. ಬ್ರಿಟನ್ ದೇಶವು ವೃದ್ಧರ ಶುಶ್ರೂಷೆಗಾಗಿ ಪರದೇಶದಿಂದ ಕರೆಸಿಕೊಂಡ ಸೇವಕಸೇವಕಿಯರು ಇನ್ನು ಮುಂದೆ ಕುಟುಂಬವನ್ನು ತರಕೂಡದೆಂದು 2024ರ ಮಾರ್ಚ್ 11ರಿಂದ ನಿಷೇಧಿಸಿತು. 2025ರ ಜುಲೈಯಲ್ಲಿ ಹೊರದೇಶಗಳಿಂದ ಅವರ ಭರತಿಯನ್ನೇ ನಿಲ್ಲಿಸಿತು. ಪರರ ತಾಯಿತಂದೆಗಳನ್ನು ನೋಡಿಕೊಳ್ಳಲು ಹೋದವಳು ತನ್ನ ಮಗುವನ್ನು ನೋಡಿಕೊಳ್ಳಲಾರದೆ ಹೋದ ವಿಪರೀತವನ್ನು ಏನೆನ್ನಬೇಕು?

ಕೈಗಳು ಮಾತ್ರ ಬೇಕು, ಮನೆ ಬೇಡ ಎಂಬ ನೀತಿಯು ಫಲಿಸುವುದೂ ಇಲ್ಲವೆಂಬುದಕ್ಕೆ ಜರ್ಮನಿಯೇ ಸಾಕ್ಷಿ. 1961ರಲ್ಲಿ ತುರ್ಕಸ್ಥಾನದೊಡನೆ ಒಪ್ಪಂದ ಮಾಡಿಕೊಂಡಾಗ ಆ ದೇಶವು ಕೆಲಸಗಾರರನ್ನು ಎರಡೆರಡು ವರ್ಷಕ್ಕೆ ಒಂಟಿಯಾಗಿ ಕರೆಸಿ ಹಿಂದಕ್ಕೆ ಕಳುಹಿಸುವ ಎಣಿಕೆಯಲ್ಲಿತ್ತು. 1973ರಲ್ಲಿ ಭರತಿಯನ್ನು ನಿಲ್ಲಿಸಿದಾಗ ಅಲ್ಲಿದ್ದವರಲ್ಲಿ ಬಹುಜನರು, ಹೋದರೆ ಮರಳಿ ಬರಲಾಗದೆಂದು ತಿಳಿದು, ಹೆಂಡಿರುಮಕ್ಕಳನ್ನು ಅಲ್ಲಿಗೇ ಕರೆಸಿಕೊಂಡರು. ತಾತ್ಕಾಲಿಕ ಅತಿಥಿಗಳೆನಿಸಿದವರು ಆ ದೇಶದ ನಿವಾಸಿಗಳಾದರು.

ಪಟ್ಟಿಯ ಹೊರಗೆ ಉಳಿದವರು

ಈ ಲೇಖಕನು ಕಮಲಾಪುರದಲ್ಲಿ ಉಪಾಧ್ಯಾಯನಾಗಿದ್ದನಾದುದರಿಂದ ಆ ಊರಿನ ಮಾತನ್ನು ಸ್ವಲ್ಪ ಹೇಳಬಹುದು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಆ ಊರು ಕೆಂಪು ಬಾಳೆಗೆ ಹೆಸರಾದುದು. ಬಾಳೆಯ ಕಂದನ್ನು ಬೇರೆಡೆಯಲ್ಲಿ ನೆಡುವಾಗ ತಾಯಿಗಿಡದ ಗಡ್ಡೆಯ ಒಂದು ತುಂಡನ್ನು ಕೂಡಿಸಿಯೇ ಅಗೆದು ತೆಗೆಯಬೇಕೆಂಬುದು ಅಲ್ಲಿಯ ತೋಟಿಗರೆಲ್ಲ ಬಲ್ಲ ವಿಷಯ. ಅಂಥ ತೋಟಗಳನ್ನು ಒತ್ತೆಯಿಟ್ಟು ಮಕ್ಕಳನ್ನು ಕಲಬುರಗಿಯ ಕಾಲೇಜುಗಳಲ್ಲಿ ಓದಿಸಿ, ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಅಮೇರಿಕಕ್ಕೆ ಕಳುಹಿಸಿದ ತಾಯಿತಂದೆಗಳುಂಟು. ಮಗನ ಎಚ್-4 ಪಟ್ಟಿಯಲ್ಲಿ ಅವರಿಗೆ ಸ್ಥಳವಿಲ್ಲ. ಅವರು ಪ್ರವಾಸಿಗಳ ವೀಸಾದ ಮೇಲೆ ಹೋಗಿ, ಸಾಮಾನ್ಯವಾಗಿ ಆರು ತಿಂಗಳು ಇದ್ದು, ಮರಳಬೇಕು. ಮಗನು ಆ ದೇಶದ ಪೌರನೇ ಆದ ಮೇಲೆ ಮಾತ್ರ ತಾಯಿತಂದೆಗಳನ್ನು ಖಾಯಮಾಗಿ ಕರೆಸಿಕೊಳ್ಳುವ ಹಕ್ಕು ಅವನಿಗೆ ಬರುವುದು. ಅಷ್ಟರಲ್ಲಿ ಎಷ್ಟೋ ಮಂದಿ ತಾಯಿತಂದೆಗಳಿಗೆ ಆ ಹಕ್ಕಿನ ಪ್ರಯೋಜನವೇ ಉಳಿದಿರುವುದಿಲ್ಲ.

ಇತ್ತ ನಮ್ಮ ದೇಶದ ಕಾಯದೆ ಏನು ಹೇಳುತ್ತದೆ? 2007ರಲ್ಲಿ ಆದ ತಾಯಿತಂದೆಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯದೆಯು ಮುದಿ ತಾಯಿತಂದೆಗಳನ್ನು ಸಲಹುವುದು ಮಕ್ಕಳ ಹೊಣೆಯೆಂದು ವಿಧಿಸಿದೆ. ಅದು ಭಾರತದ ಹೊರಗಿರುವ ಭಾರತದ ನಾಗರಿಕರಿಗೂ ಅನ್ವಯಿಸುವುದೆಂದು ಅದರ ಮೊದಲ ಕಲಮಿನಲ್ಲಿಯೇ ಸ್ಪಷ್ಟಪಡಿಸಿದೆ. ಹೀಗಿರಲು ಒಂದು ಕಾಯದೆಯು ತಾಯಿತಂದೆಗಳನ್ನು ನೋಡಿಕೋ ಎನ್ನುತ್ತದೆ, ಮತ್ತೊಂದು ಕಾಯದೆಯು ಅವರು ನಿನ್ನ ಕುಟುಂಬವೇ ಅಲ್ಲವೆನ್ನುತ್ತದೆ. ಎರಡರ ನಡುವೆ ಸಿಕ್ಕ ಮಗನು ತಿಂಗಳಿಗೊಮ್ಮೆ ಹಣವನ್ನು ಕಳುಹಿಸಿ, ದಿನಕ್ಕೊಮ್ಮೆ ದೂರವಾಣಿಯಲ್ಲಿ ಮುಖವನ್ನು ನೋಡಿ, ಧರ್ಮವನ್ನು ಹೇಗೋ ಸಾಗಿಸುತ್ತಾನೆ. ಅವನನ್ನು ದೂರುವುದು ಸುಲಭ; ನ್ಯಾಯವಲ್ಲ.

ಉಪಸಂಹಾರ

ಎಣಿಕೆಯ ಪ್ರಶ್ನೆಯೂ ನೆಲೆಯ ಪ್ರಶ್ನೆಯೂ ಇನ್ನೂ ತೀರಿಲ್ಲವೆಂಬುದು ಇಷ್ಟರಿಂದ ಸ್ಪಷ್ಟ. ಎರಡಕ್ಕೂ ಉತ್ತರವನ್ನು ಚಿಂತಿಸುವಾಗ ನಮ್ಮ ಸೀಮೆಯ ಒಬ್ಬ ಮಹಾಪುರುಷನನ್ನು ಸ್ಮರಿಸುವುದು ಯೋಗ್ಯ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಸ್ಥಳವು ನಮ್ಮ ಜಿಲ್ಲೆಯ ಮರ್ತೂರೆಂದು ಹೇಳುವರು. ಸ್ಮೃತಿಗಳು ಸ್ತ್ರೀಯನ್ನು ಆಶ್ರಿತೆಯೆಂದೇ ಬಗೆದವು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೂ ವಿಜ್ಞಾನೇಶ್ವರನು ಸ್ತ್ರೀಧನವೆಂಬ ಶಬ್ದಕ್ಕೆ ವಿಶಾಲವಾದ ಅರ್ಥವನ್ನು ಕೊಟ್ಟು, ದಾಯವಾಗಿ, ಕ್ರಯದಿಂದ, ವಿಭಾಗದಿಂದ ಬಂದುದನ್ನೂ ಅದರಲ್ಲಿ ಸೇರಿಸಿದನು. ಮಗುವಿಗೆ ಪಿತ್ರಾರ್ಜಿತದಲ್ಲಿ ಜನ್ಮದಿಂದಲೇ ಸ್ವತ್ವವುಂಟೆಂದು ಸಾಧಿಸಿದನು. ಆಶ್ರಯದಲ್ಲಿರುವವರಿಗೂ ಸ್ವಂತದ್ದೆಂಬುದೊಂದು ಇರಬಹುದು, ಇರಬೇಕು ಎಂಬ ವಿವೇಕವಿದು. ಗಂಡನ ನೌಕರಿಯೊಡನೆ ಹೆಂಡತಿಯ ವಾಸವನ್ನೂ, ಇಪ್ಪತ್ತೊಂದನೆಯ ಹುಟ್ಟುಹಬ್ಬದೊಡನೆ ಮಗುವಿನ ನೆಲೆಯನ್ನೂ ಕಳೆಯುವ ಕಾಯದೆಗಳಲ್ಲಿ ಈ ವಿವೇಕವು ಕಾಣಬರುವುದಿಲ್ಲ.

ನಮ್ಮ ಕೈಯಲ್ಲಿರುವುದೇನೆಂದು ಕೇಳಿದರೆ ಎರಡು ಮಾತುಗಳನ್ನು ಹೇಳಬಹುದು. ಭಾರತಸರಕಾರವು ಹೊರದೇಶಗಳೊಡನೆ ಕೆಲಸಗಾರರ ವಿಷಯದಲ್ಲಿ ಒಪ್ಪಂದಗಳನ್ನು ಮಾಡಿಕೊಳ್ಳುವಾಗ ಸಂಬಳವನ್ನೂ ಸಂಖ್ಯೆಯನ್ನೂ ಕೇಳುವಂತೆಯೇ ಕುಟುಂಬವನ್ನೂ ಕೇಳಬೇಕು. 1918ರ ಪರಾಧೀನ ಭಾರತದ ಪ್ರತಿನಿಧಿಗಳು ಕೇಳಿದುದನ್ನು ಸ್ವತಂತ್ರ ಭಾರತವು ಕೇಳಲು ಸಂಕೋಚಪಡಬೇಕಾದುದಿಲ್ಲ. ಎರಡನೆಯದು ಗೃಹಸ್ಥರಿಗೆ ಅರಿಕೆ. ಪರದೇಶದ ವರನಿಗೆ ಮಗಳನ್ನು ಕೊಡುವಾಗ ಅವನ ಸಂಬಳವನ್ನು ವಿಚಾರಿಸುವಷ್ಟೇ ಸಾವಧಾನವಾಗಿ ಅವಳಿಗೆ ದೊರೆಯುವ ವೀಸಾ ಯಾವುದು, ಅದರ ಮೇಲೆ ಅವಳು ದುಡಿಯಬಹುದೇ, ವಿಪತ್ತು ಬಂದರೆ ಅವಳ ಗತಿ ಏನು ಎಂಬುದನ್ನು ವಿಚಾರಿಸಬೇಕು. ಅವಳ ಪದವಿಪತ್ರವೂ ರಹದಾರಿಯೂ ಅವಳ ಕೈಯಲ್ಲಿಯೇ ಇರಲಿ. ಈ ಕಾಲದ ಸ್ತ್ರೀಧನವೆಂದರೆ ಅವೇ.

ರಾಜ್ಯಗಳು ಬರುವವು, ಹೋಗುವವು, ಫರ್ಮಾನುಗಳು ಬದಲಾಗುವವು. ಕಜ್ವೀನಿನ ರಫೀಯ ಮಸೀದಿಯು ನಿಂತಿದೆ. ಅವನ ಮನೆಯವರು ಅವನೊಡನೆ ಇಲ್ಲಿದ್ದರೋ ಎಂಬುದನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ದುಡಿದವನ ಹೆಸರನ್ನು ಕಲ್ಲಿನ ಮೇಲೆ ಬರೆದು ಅವನ ಮನೆಯನ್ನು ಮರೆಯುವುದು ರಾಜ್ಯಗಳ ಹಳೆಯ ಅಭ್ಯಾಸ. ಆ ಮನೆಯನ್ನು ನೆನಪಿಸುತ್ತಲೇ ಇರುವುದು ನಮ್ಮ ಕೆಲಸ. ಇತ್ಯಲಮ್.